ಮೇಷ್ಟ್ರು ಕಾರಿನಿಂದ ಇಳಿದಾಗ

ಸೆಪ್ಟೆಂಬರ್ ೪, ಸೋಮವಾರ

ಇವತ್ತಿನಿಂದ ಸಿಗರೇಟು ಬಂದ್. ಬರೆದಿಟ್ಟ ಮಾತ್ರಕ್ಕೆ ಮಾತು ಉಳಿಸಿಕೊಳ್ಳುತ್ತೇನೆ ಅನ್ನುವ ಭ್ರಮೆ ನನಗಿಲ್ಲ. ಕೈಗೆ ಏನಾದರೂ ಕೆಲಸ ಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪೆನ್ನು ಹೆಂಡತಿ ಕೊಟ್ಟಿದ್ದು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಯಾವುದೋ ಕೆಮ್ಮಿನ ಸಿರಪ್ಪಿನವರು ಬಿಟ್ಟಿ ಹಂಚಿದ್ದಂತೆ. "ಆಸೆ ಬಂದಾಗೆಲ್ಲ ನಾಲ್ಕು ಸಾಲು ಗೀಚಿ. ನಾನಂತೂ ಓದಲ್ಲ" ಅಂದಳು. ಓದುವುದಿಲ್ಲ ಎನ್ನುವುದು ನಿಜ. ಊರಿನ ಡಾಕ್ಟರುಗಳ ಅಕ್ಷರವನ್ನೆಲ್ಲ ಪಟಪಟ ಓದುವವಳಿಗೆ ನನ್ನ ಅಕ್ಷರ ಮಾತ್ರ ಮದುವೆಯಾದಾಗಿನಿಂದ ಅರ್ಥವಾಗಿಲ್ಲ.

ನಿನ್ನೆ ನಡೆದದ್ದನ್ನು ಬರೆದುಬಿಡುತ್ತೇನೆ. ನಾಳೆ ಮನಸ್ಸು ಬದಲಾಯಿಸಲು ನೆಪ ಸಿಗಬಾರದು. ಅತ್ತೆ ಮಾವ ನಮ್ಮ ಮನೆಗೆ ಬಂದದ್ದು ಬೇಸಿಗೆಯಲ್ಲಿ, ಮಾವನ ಶ್ವಾಸಕೋಶ ಕೈಕೊಟ್ಟ ಮೇಲೆ. ಹಾಲಿನ ಮೂಲೆಯಲ್ಲಿ ಆಕ್ಸಿಜನ್ ಯಂತ್ರ ದಿನವಿಡೀ ಗುಂಯ್ ಅನ್ನುತ್ತಿರುತ್ತದೆ. ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿಕೊಂಡು ಮಾವ ಅದರ ಪಕ್ಕ ಕೂತು ಟೀವಿ ನೋಡುತ್ತಾರೆ. ಹೊರಗೆ ಹೋಗಬೇಕಾದರೆ ಹೆಗಲಿಗೆ ನೇತುಹಾಕಿಕೊಳ್ಳುವ ಪುಟ್ಟ ಸಿಲಿಂಡರ್ ಬೇರೆ ಇದೆ. ಹರೆಯದಿಂದಲೂ ಸೇದಿದವರು. ಮದುವೆಯಾದ ಹೊಸದರಲ್ಲಿ, ಅವರ ಮನೆಯಲ್ಲಿ ಮುಜುಗರದಿಂದ ಮುದುರಿ ಕೂತಿದ್ದ ನನ್ನನ್ನು ಬಾಲ್ಕನಿಗೆ ಕರೆದು, ಒಂದು ಸಿಗರೇಟು ಕೊಟ್ಟು, ಗೆಳೆಯನನ್ನಾಗಿ ಮಾಡಿಕೊಂಡವರು. ಆಮೇಲೆ ಅವರು ಇಲ್ಲಿಗೆ ಬಂದಾಗಲೆಲ್ಲ ನಮ್ಮ ಬಾಲ್ಕನಿಯಲ್ಲಿ ಇಬ್ಬರ ಸಭೆ ನಡೆಯುತ್ತಿತ್ತು. ಅತ್ತೆ ಒಳಗೆ ಕೂತು ಏನೂ ಕಾಣದವರಂತೆ ಇರುತ್ತಿದ್ದರು.

ನಿನ್ನೆ ಸಂಜೆ ನಾನು ಬೀದಿಯ ಕೊನೆಗೆ ಹೋಗಿ ಸೇದಿ, ಬಾಯಿ ತೊಳೆದು, ಪೆಪ್ಪರಮಿಂಟು ಕಚ್ಚಿ, ಅಂಗಿ ಬದಲಿಸಿ, ಸಂಭಾವಿತನ ಹಾಗೆ ಬಂದು ಮಾವನ ಪಕ್ಕ ಕೂತೆ. ಅವರು ಟೀವಿಯಿಂದ ಕಣ್ಣು ತೆಗೆಯದೆ, "ಸ್ವಲ್ಪ ಹತ್ರ ಬಾ ಅಳಿಯ" ಅಂದರು. ಸರಿದು ಕೂತೆ. ನನ್ನ ಭುಜಕ್ಕೆ ಮೂಗು ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು. "ಆಹಾ! ಎಷ್ಟು ಕಾಲ ಆಯ್ತಪ್ಪಾ" ಅಂದರು. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ತುಟಿ ನೀಲಿಯಾಯಿತು. ಅತ್ತೆ ಬೆನ್ನು ನೀವಿದರು, ಹೆಂಡತಿ ಯಂತ್ರದ ಗುಂಡಿ ತಿರುಗಿಸಿದಳು, ನಾನು ನೀರಿನ ಲೋಟ ಹಿಡಿದು ಕಂಬದ ಹಾಗೆ ನಿಂತಿದ್ದೆ. ಕೆಮ್ಮು ನಿಂತ ಮೇಲೆ ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಿಟ್ಟಿಗೆ ಇನ್ನೊಂದು ಸೇದುತ್ತಿದ್ದೆನೋ ಏನೋ.

ಬೆಳಿಗ್ಗೆ ಪ್ಯಾಕನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿ ಕಸಕ್ಕೆ ಹಾಕಿದೆ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ, ಅಡ್ಡವಾಗಿ ಇಸ್ತ್ರಿ ಮೇಜು ಇಟ್ಟಿದ್ದೇನೆ. ಆ ಕಡೆ ಕಾಲಿಟ್ಟರೆ ನನ್ನ ಕಥೆ ಮುಗಿಯಿತು.

ಸೆಪ್ಟೆಂಬರ್ ೫, ಮಂಗಳವಾರ

ತಲೆನೋವು. ಬಾಯಿ ಒಣಗಿದೆ. ಹೆಂಡತಿ ಅಂಗಡಿಯಿಂದ ನಿಕೋಟಿನ್ ಗಮ್ ತಂದಿದ್ದಾಳೆ. ಸೈಕಲ್ ಟ್ಯೂಬಿಗೆ ಮೆಣಸಿನಪುಡಿ ಹಾಕಿದ ರುಚಿ. ಕ್ಯಾರೆಟ್ ತಿಂದೆ. ಇನ್ನೊಂದು ಕ್ಯಾರೆಟ್ ತಿಂದೆ.

ಹಾಲು ತರಲು ಹೋದಾಗ ಮುಂದೆ ಹೋಗುತ್ತಿದ್ದವನ ಹೊಗೆ ನನ್ನ ಕಡೆ ತೇಲಿ ಬಂತು. ಅವನ ಹಿಂದೆಯೇ ಎರಡು ಬೀದಿ ನಡೆದುಬಿಟ್ಟೆ. ಹಾಲಿನ ಅಂಗಡಿ ಇರುವುದು ಇನ್ನೊಂದು ದಿಕ್ಕಿನಲ್ಲಿ.

ಸೆಪ್ಟೆಂಬರ್ ೭, ಗುರುವಾರ

ಇಷ್ಟು ವರ್ಷ ಕಾರು ಕಲಿಸಿದ್ದೇನೆ, ಕಲಿಯಲು ಬಂದ ಒಬ್ಬರ ಮೇಲೂ ದನಿ ಏರಿಸಿದವನಲ್ಲ. ನಮ್ಮ ಡ್ರೈವಿಂಗ್ ಸ್ಕೂಲಿಗೆ ಜನ ಬಂದು "ಆ ತಣ್ಣನೆ ಮೇಷ್ಟ್ರು ಬೇಕು" ಎಂದು ನನ್ನನ್ನೇ ಕೇಳುತ್ತಾರೆ. ಹೊಗಳಿಕೊಳ್ಳುತ್ತಿಲ್ಲ, ನಡೆಯುವುದನ್ನು ಹೇಳುತ್ತಿದ್ದೇನೆ.

ಇವತ್ತು ಬೆಳಗಿನ ಪಾಠಕ್ಕೆ ಬಂದದ್ದು ಹಲ್ಲಿನ ಡಾಕ್ಟರಮ್ಮ. ಒಳ್ಳೆಯ ಹುಡುಗಿ, ಸಮಾಧಾನದ ಕೈ. ನನ್ನ ಸೀಟಿನ ಮುಂದೆಯೂ ಒಂದು ಬ್ರೇಕು ಇದೆಯಲ್ಲ, ಅಪಾಯ ಬಂದರೆ ಒತ್ತಲಿಕ್ಕೆ. ಮೊದಲೆಲ್ಲ ಅದಕ್ಕೆ ಜೇಡರ ಬಲೆ ಕಟ್ಟುತ್ತಿತ್ತು. ಇವತ್ತು ಅದನ್ನು ಹಾರ್ಮೋನಿಯಂ ತಿದಿಯ ಹಾಗೆ ಒತ್ತಿದೆ. ಮುಂದೆ ನಾಯಿ ಕಂಡಿತು, ಒತ್ತಿದೆ. "ಮೇಷ್ಟ್ರೇ, ಅದು ಫುಟ್‌ಪಾತ್ ಮೇಲೆ ಮಲಗಿದೆ" ಅಂದಳು. "ಎದ್ದು ಬಂದರೆ?" ಅಂದೆ. "ನಿದ್ದೆ ಮಾಡ್ತಿದೆ ಮೇಷ್ಟ್ರೇ." "ಎಚ್ಚರ ಆದರೆ?" ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಕೀಳಬೇಕಾದ ಹಲ್ಲು ಯಾವುದೆಂದು ಅವಳಿಗೆ ಗೊತ್ತಾದಂತಿತ್ತು.

ಗೋದಾಮಿನ ಹಿಂದಿನ ಮೈದಾನಕ್ಕೆ ಹೋದೆವು, ರಿವರ್ಸ್ ಅಭ್ಯಾಸಕ್ಕೆ. ಮೂರು ತಿಂಗಳಿಂದ ನೀಟಾಗಿ ಮಾಡುತ್ತಿದ್ದವಳು ಇವತ್ತು ಗುರುತಿಗೆ ನಿಲ್ಲಿಸಿದ್ದ ಎರಡು ಡ್ರಮ್ಮು ಬೀಳಿಸಿದಳು. ನಾನು ಪಕ್ಕದಲ್ಲೇ ಕೂತು ಎಡಕ್ಕೆ, ಬಲಕ್ಕೆ, ಇನ್ನೂ, ಸಾಕು, ಅಯ್ಯೋ ಎಂದು ಹೇಳಿಕೊಡುತ್ತಲೇ ಇದ್ದೆ. ಆದರೂ ಬಿತ್ತು. ಇತ್ತೀಚೆಗೆ ಯಾರಿಗೂ ಗಮನವೇ ಇಲ್ಲ.

ಸೆಪ್ಟೆಂಬರ್ ೧೦, ಭಾನುವಾರ

ಅತ್ತೆಯ ಲೈಸೆನ್ಸ್ ಪರೀಕ್ಷೆಗೆ ತಾರೀಖು ಬಂತು. ಅಕ್ಟೋಬರ್ ೧೮. ಮೂರನೆಯ ಸಲ. ಇದೂ ಹೋದರೆ ಮುಂದಿನ ತಾರೀಖು ಸಿಗುವುದು ಚಳಿಗಾಲ ಕಳೆದ ಮೇಲೆ. ಚಳಿ ಬಿತ್ತೆಂದರೆ ಮಾವ ಹೊಸ್ತಿಲು ದಾಟುವಂತಿಲ್ಲ. "ಮುಂದಿನ ವರ್ಷ ನೋಡೋಣ" ಅಂದರಂತೆ ಡಾಕ್ಟರು. ಅವರು ಅದನ್ನು ಹೇಳಿದ ರೀತಿ ಅತ್ತೆಗೆ ಹಿಡಿಸಲಿಲ್ಲ.

ಮಾವನಿಗೆ ಇರುವ ಆಸೆ ಒಂದೇ. ಊರಾಚೆಯ ದೊಡ್ಡ ಕೆರೆಯ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಒಂದು ಮಧ್ಯಾಹ್ನ ಗಾಳ ಹಾಕಬೇಕು. ಅವರ ಹಳೆಯ ಪುಟ್ಟ ಕಾರು ಕೆಳಗೆ ಧೂಳು ತಿನ್ನುತ್ತ ನಿಂತಿದೆ. "ನಾನೇ ಕರ್ಕೊಂಡು ಹೋಗ್ತೀನಿ ಮಾವ, ಈಗ್ಲೇ ಹೊರಡಿ" ಎಂದು ಎಷ್ಟು ಸಲ ಹೇಳಿದ್ದೇನೆ. ಇವತ್ತೂ ಹೇಳಿದೆ.

"ಅಳಿಯನ ಕಾರಲ್ಲಿ ಹೋದ್ರೆ ಪೇಷಂಟು" ಅಂದರು ಮಾವ. "ಹೆಂಡ್ತಿ ಕಾರಲ್ಲಿ ಹೋದ್ರೆ ಗಂಡ. ನಾನು ಗಂಡನಾಗೇ ಹೋಗೋದು."

ಅತ್ತೆ ಅಡುಗೆಮನೆಯಿಂದ, "ಗಂಡನಾಗಿ ಬರೋರು ಮೊದಲು ಆ ಮಾತ್ರೆ ನುಂಗಿ" ಅಂದರು.

ಮುಂದಕ್ಕೆ ಓಡಿಸುವುದರಲ್ಲಿ ಅತ್ತೆಯನ್ನು ಮೀರಿಸುವವರಿಲ್ಲ. ಹಿಂದಕ್ಕೆ ಅಂದರೆ ಮಾತ್ರ ಕನ್ನಡಿ ನೋಡುವುದೇ ಇಲ್ಲ. "ಕನ್ನಡೀಲಿ ಎಡ ಬಲ ಎಲ್ಲ ಅದಲು ಬದಲು. ಅದನ್ನ ನಂಬೋದು ಹೇಗೆ?" ಎಂದು ಕಿಟಕಿಯಿಂದ ತಲೆ ಹೊರಹಾಕುತ್ತಾರೆ. ಕತ್ತು ಉಳುಕುತ್ತದೆ, ಡ್ರಮ್ಮು ಬೀಳುತ್ತದೆ. ಎರಡು ಸಲವೂ ಇನ್‌ಸ್ಪೆಕ್ಟರ್ ಫೇಲು ಮಾಡಿದ್ದು ಇದಕ್ಕೇ. ನನ್ನ ಕೈಯಲ್ಲಿ ಕಲಿತವರು ಊರ ತುಂಬ ಓಡಾಡುತ್ತಿದ್ದಾರೆ, ಮನೆಯವರಿಗೇ ಕಲಿಸಲಾಗಲಿಲ್ಲ.

ಸಿಗರೇಟಿನ ಆಸೆ ಊಟವಾದ ಮೇಲೆ ಜಾಸ್ತಿ. ಆದ್ದರಿಂದ ಎರಡು ಸಲ ಊಟ ಮಾಡಿ ನೋಡಿದೆ. ಆಸೆಯೂ ಎರಡು ಸಲ ಬಂತು.

ಸೆಪ್ಟೆಂಬರ್ ೧೩, ಬುಧವಾರ

ಸ್ಕೂಲಿನ ಯಜಮಾನರು ಕರೆದು ಕೂರಿಸಿದರು. ಕಲಿಯುವವರಲ್ಲಿ ಕೆಲವರು ಬೇರೆ ಮೇಷ್ಟ್ರು ಬೇಕು ಅಂದಿದ್ದಾರಂತೆ. "ಮನೇಲಿ ಏನಾದ್ರೂ ತೊಂದರೆನಾ?" ಎಂದು ಮೆತ್ತಗೆ ಕೇಳಿದರು. ಇಲ್ಲ, ಸಿಗರೇಟು ಬಿಟ್ಟಿದ್ದೇನೆ ಅಂದೆ. "ಓಹ್, ಒಳ್ಳೇದು, ಬಹಳ ಒಳ್ಳೇದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, "ಪೂರ್ತಿ ಬಿಡ್ಲೇಬೇಕಾ?" ಅಂದರು.

ಸೆಪ್ಟೆಂಬರ್ ೧೪, ಗುರುವಾರ

ಸೇದಿದೆ.

ಸೆಪ್ಟೆಂಬರ್ ೧೫, ಶುಕ್ರವಾರ

ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡಿ, ತಲೆಗೂ ಸೋಪು ಹಚ್ಚಿ ಬಂದಿದ್ದೆ. ಮಾವನ ಮೂಗಿನಲ್ಲಿ ಕೊಳವೆ ಇದ್ದರೂ ಅದರ ಚುರುಕಿಗೆ ಏನೂ ಆಗಿಲ್ಲ. ನಿನ್ನೆ ನಾನು ಸೋಫಾದಲ್ಲಿ ಕೂತ ಕೂಡಲೇ ಅವರು ಎದ್ದರು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಕೊಳವೆ ಹಿಡಿದುಕೊಂಡು ಗೋಡೆಯ ತನಕ ಹೆಜ್ಜೆ ಹೆಜ್ಜೆಗೂ ನಿಂತು ನಡೆದು, ಅಲ್ಲಿ ಕೂತರು.

"ಏನಾಯ್ತು ಮಾವ?"

"ಏನಿಲ್ಲ. ಇವತ್ತೊಂದಿನ ನಾನೇ ದೂರ ಕೂತ್ಕೋತೀನಿ. ನೀನು ಆರಾಮಾಗಿ ಕೂತ್ಕೋ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವರಿಗೆ ಸಿಗರೇಟಿನ ಕಷ್ಟ ಗೊತ್ತು. ಅದಕ್ಕೇ ಅಲ್ಲಿ ಕೂರಲಾಗಲಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. (ಅಂದರೆ ಕಣ್ಣೀರು ಹಾಕಿದೆ. ಈಗ ಓದಿದರೆ ಅತ್ತೆಯನ್ನು ಯಾಕೆ ಕರೆದೆ ಅನ್ನಿಸುತ್ತಿದೆ. ಈ ದಿನಚರಿ ಬರೆಯಲು ಶುರುಮಾಡಿದ ಮೇಲೆ ಮೊದಲ ಸಲ ನಗು ಬಂತು.)

ಸೆಪ್ಟೆಂಬರ್ ೨೦, ಬುಧವಾರ

ಇವತ್ತು ನಡೆದದ್ದನ್ನು ಸಾವಕಾಶವಾಗಿ ಬರೆಯಬೇಕು.

ಸಂಜೆ ಮೈದಾನದಲ್ಲಿ ಅತ್ತೆಯ ಪಾಠ. ಅವರು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು, ನಾನು ಹೇಳುತ್ತಿದ್ದೆ. ಕನ್ನಡಿ ನೋಡಿ. ಕ್ಲಚ್ಚು ಮೆತ್ತಗೆ. ಕನ್ನಡಿ. ಕನ್ನಡಿ ಅತ್ತೆ. ಸ್ಟೇರಿಂಗ್ ಎಡಕ್ಕೆ. ತಲೆ ಒಳಗೆ ತಗೊಳ್ಳಿ. ಬ್ರೇಕ್! ಮತ್ತೆ ನಾನೇ ಬ್ರೇಕ್ ಒತ್ತಿದೆ. ಕಾರು ಮುಗ್ಗರಿಸಿ ಆಫ್ ಆಯಿತು.

ಅತ್ತೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ನನ್ನ ಜೊತೆ ಯಾವತ್ತೂ ತಗ್ಗಿದ ದನಿಯಲ್ಲೇ ಮಾತಾಡುವವರು.

"ಅಳಿಯಂದಿರೇ, ನಿಮ್ಮ ದಮ್ಮಯ್ಯ. ಹೋಗಿ ಒಂದು ಸಿಗರೇಟು ಸೇದ್ಕೊಂಡು ಬನ್ನಿ!"

ನಾನು ಪೆಚ್ಚಾದೆ. ಹೇಳಿದವರೂ ಪೆಚ್ಚಾದರು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅತ್ತೆಗೆ ನಗು ಕಿತ್ತುಕೊಂಡು ಬಂತು, ನನಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣೊರೆಸಿಕೊಂಡು ಅವರು ವಿಷಯ ಹೇಳಿದರು. ಹೋದ ವಾರ ತಮ್ಮ ಸರದಿಗೆ ಕಾಯುವಾಗ ಹಲ್ಲಿನ ಡಾಕ್ಟರಮ್ಮನ ಜೊತೆ ಮಾತಿಗೆ ಕೂತಿದ್ದರಂತೆ.

"ಆ ಹುಡುಗಿ ಏನಂದ್ಲು ಗೊತ್ತಾ? 'ಮೊದಲು ಮೇಷ್ಟ್ರು ಇಲ್ಲಿಗೆ ಬಂದ ಕೂಡ್ಲೇ ಕಾರಿಂದ ಇಳಿದು, ಆ ಗೋಡೆ ಹತ್ರ ನಿಂತು ಸೇದ್ತಿದ್ರು. ನಮ್ಮ ಕಡೆ ನೋಡ್ತಾನೂ ಇರ್ಲಿಲ್ಲ. ಆಗ ನಾವೇ ಬೀಳಿಸಿ, ನಾವೇ ಎತ್ತಿ ಕಲಿತಿದ್ದು. ಈಗ ಇಳಿಯೋದೇ ಇಲ್ಲ' ಅಂದ್ಲು. ಬೇರೆಯವರಿಗೆಲ್ಲ ಇಳಿದು ಹೋಗಿದ್ದೀರಿ. ನನ್ನ ಎದುರಿಗೆ ಸೇದಬಾರದು ಅಂತ, ನನ್ನ ಪಾಠದಲ್ಲಿ ಒಂದಿನಾನೂ ಇಳೀಲಿಲ್ಲ. ಮರ್ಯಾದೆ ಕೊಟ್ಟು ಕೊಟ್ಟೇ ನನ್ನ ಎರಡು ಸಲ ಫೇಲ್ ಮಾಡಿಸಿದ್ದೀರಿ!"

ಮೇಷ್ಟ್ರಿಕೆಯ ಜಂಭವೆಲ್ಲ ಅಲ್ಲೇ ಇಳಿಯಿತು. ನಾನು ತಣ್ಣನೆಯ ಮೇಷ್ಟ್ರೂ ಅಲ್ಲ, ಬಿಸಿಯ ಮೇಷ್ಟ್ರೂ ಅಲ್ಲ. ನಾನು ಸೇದಲು ಹೋದ ಹೊತ್ತಿನಲ್ಲಿ ಅವರೇ ಕಲಿತುಕೊಂಡರು, ಹೆಸರು ನನಗೆ ಬಂತು.

"ಹಾಗಾದ್ರೆ ಈಗ ಏನು ಮಾಡೋಣ ಅತ್ತೆ?"

"ಇಳೀರಿ. ಸೇದ್ಬೇಡಿ, ಬರೀ ಇಳೀರಿ."

ಇಳಿದೆ.

ಸೆಪ್ಟೆಂಬರ್ ೨೨, ಶುಕ್ರವಾರ

ಬರೀ ಇಳಿಯುವುದು ಎಷ್ಟು ಕಷ್ಟ ಎಂದು ಆ ಗೋಡೆಗೇ ಗೊತ್ತು. ಅದೇ ಜಾಗ, ಅದೇ ಹೊತ್ತು, ಅದೇ ನೆರಳು, ಕೈ ಮಾತ್ರ ಖಾಲಿ. ಜೇಬಿಗೆ ಹಾಕಿದೆ, ತೆಗೆದೆ, ಕಟ್ಟಿಕೊಂಡೆ, ಬೆನ್ನ ಹಿಂದೆ ಇಟ್ಟೆ. ಅತ್ತ ನೋಡಿದರೆ ಅತ್ತೆ ಡ್ರಮ್ಮಿನ ಕಡೆ ಹೋಗುತ್ತಿದ್ದಾರೆ. ಓಡಿಹೋಗಿ ಕಾರಿನ ಕಿಟಕಿಗೆ ಮುಖ ಹಾಕಿ ಕನ್ನಡಿ ಅಂದೆ. ಅತ್ತೆ ಬೆರಳಿನಿಂದ ಗೋಡೆ ತೋರಿಸಿದರು. ತರಗತಿಯಿಂದ ಹೊರಹಾಕಿದ ಹುಡುಗನ ಹಾಗೆ ವಾಪಸು ಬಂದು ನಿಂತೆ.

ಮೂಲೆಯ ಗೂಡಂಗಡಿ ಆ ಗೋಡೆಯಿಂದ ಚೆನ್ನಾಗಿ ಕಾಣುತ್ತದೆ. ಅಂಗಡಿಯವನು ನನ್ನನ್ನು ಕಂಡು ಕೈ ಬೀಸಿದ. ನಾನೂ ಬೀಸಿದೆ. ಕಾಲು ಆ ಕಡೆ ಹೊರಟೇಬಿಟ್ಟಿತ್ತು, ಹೇಗೋ ತಡೆದು ನಿಲ್ಲಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದರು. "ಸೇದೋಕೆ ಜೊತೆ ಇಲ್ದಿದ್ರೂ ನಡೆಯುತ್ತೆ ಅಳಿಯ. ಸೇದದೆ ನಿಂತ್ಕೊಳ್ಳೋಕೆ ಜೊತೆ ಬೇಕು" ಅಂದರು. "ಭಾನುವಾರದಿಂದ ನಾನು ಬರ್ತೀನಿ."

"ನೀವು ಮೂರು ಮಹಡಿ ಇಳಿದು ಬರೋದಾ?" ಅಂದಳು ನನ್ನ ಹೆಂಡತಿ.

"ಲಿಫ್ಟ್ ಇರೋದು ಏನಕ್ಕೆ? ಅದಕ್ಕೂ ನಿಮ್ಮಮ್ಮನ ಲೈಸೆನ್ಸ್ ಬೇಕಾ?"

ಸೆಪ್ಟೆಂಬರ್ ೨೪, ಭಾನುವಾರ

ಗೋಡೆಯ ಪಕ್ಕ ಎರಡು ಮಡಚುವ ಕುರ್ಚಿ. ಒಂದರಲ್ಲಿ ಮಾವ, ತೊಡೆಯ ಮೇಲೆ ಸಿಲಿಂಡರು. ಇನ್ನೊಂದರಲ್ಲಿ ನಾನು. ಬಾಲ್ಕನಿಯ ಸಭೆ ಮೈದಾನಕ್ಕೆ ವರ್ಗವಾಗಿದೆ.

ಸ್ವಲ್ಪ ಹೊತ್ತಿಗೆ ಮಾವನ ಎರಡು ಬೆರಳು ತಾವಾಗಿಯೇ ತುಟಿಯ ಹತ್ತಿರ ಹೋದದ್ದನ್ನು ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು. "ನನಗೂ ಇನ್ನೂ ಹೋಗಿಲ್ಲ ಕಣೋ" ಅಂದರು. ಒಬ್ಬನೇ ಒದ್ದಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈ ಮನುಷ್ಯ ಬೇಸಿಗೆಯಿಂದ ಒಂದು ಮಾತೂ ಆಡದೆ ಯಂತ್ರದ ಪಕ್ಕ ಕೂತು ಇದನ್ನೇ ಅನುಭವಿಸುತ್ತಿದ್ದರು. ಅವರ ಮೇಲೆ ತುಂಬ ಪ್ರೀತಿ ಬಂತು.

ಜೇಬಿನಿಂದ ಗಾಳದ ದಾರ ತೆಗೆದು ನನ್ನ ಕೈಗೆ ಕೊಟ್ಟರು. ಕೊಕ್ಕೆಗೆ ಗಂಟು ಹಾಕುವುದನ್ನು ಕಲಿಸಿದರು. ಸುತ್ತಬೇಕು, ಒಳಗಿಂದ ತೂರಿಸಬೇಕು, ಎಂಜಲು ಹಚ್ಚಿ ನಿಧಾನ ಎಳೆಯಬೇಕು. ನಾನು ಹಾಕಿದ ಗಂಟೆಲ್ಲ ಬಿಚ್ಚಿಕೊಂಡಿತು. ಮಾವ ಒಂದು ಸಲವೂ ನನ್ನ ಕೈಯಿಂದ ದಾರ ಕಿತ್ತುಕೊಳ್ಳಲಿಲ್ಲ. ಕೆರೆಯ ಕಡೆ ನೋಡುವವರ ಹಾಗೆ ಮೈದಾನದ ಆಚೆ ನೋಡುತ್ತಿದ್ದರು. ನಿಜವಾಗಿ ಕಲಿಸುವುದು ಹೀಗೆ ಇರಬೇಕು.

ಅಷ್ಟರಲ್ಲಿ ಧಡ್ ಅಂತ ಡ್ರಮ್ಮು ಬಿತ್ತು. ನಾನು ಏಳಲು ಹೊರಟೆ. ಮಾವ ನನ್ನ ಅಂಗಿಯ ತುದಿ ಹಿಡಿದುಕೊಂಡರು. ಅತ್ತೆ ಇಳಿದು, ಡ್ರಮ್ಮು ಎತ್ತಿ ನಿಲ್ಲಿಸಿ, ಅದಕ್ಕೆ ಏನೋ ಬೈದು, ಮತ್ತೆ ಕಾರು ಹತ್ತಿದರು.

ಅಕ್ಟೋಬರ್ ೩, ಮಂಗಳವಾರ

ಹಲ್ಲಿನ ಡಾಕ್ಟರಮ್ಮ ಪಾಸು. ಖುಷಿಗೆ ನನ್ನ ಹಲ್ಲು ಪುಕ್ಕಟೆ ಕ್ಲೀನು ಮಾಡಿಕೊಡುತ್ತಾಳಂತೆ. "ಕಪ್ಪು ಎಲ್ಲ ತೆಗೆದುಬಿಡ್ತೀನಿ, ಮೇಷ್ಟ್ರೇ" ಅಂದಳು. ನನ್ನ ಹಲ್ಲಿನಲ್ಲಿ ಕಪ್ಪು ಇದೆಯೆಂದು ಇಷ್ಟು ದಿನ ಹೇಳದೆ ಕಾರು ಕಲಿತಿದ್ದಾಳೆ, ಸಭ್ಯ ಹುಡುಗಿ.

ಎಲ್ಲರ ಪಾಠದಲ್ಲೂ ಈಗ ಇಳಿಯುತ್ತೇನೆ. ಕೊಕ್ಕೆ, ದಾರ ಜೇಬಿನಲ್ಲೇ ಇರುತ್ತವೆ. ಗಂಟು ನಿಲ್ಲತೊಡಗಿದೆ.

ಅತ್ತೆ ಇನ್ನೂ ಕನ್ನಡಿ ನೋಡುತ್ತಿಲ್ಲ. ಆದರೆ ಡ್ರಮ್ಮು ಬೀಳುವುದು ಕಡಿಮೆಯಾಗಿದೆ.

ಅಕ್ಟೋಬರ್ ೧೦, ಮಂಗಳವಾರ

ಮಾವ ಇವತ್ತು ಒಂದು ಉಪಾಯ ಮಾಡಿದರು. ಅತ್ತೆ ಕಾರನ್ನು ಹಿಂದಕ್ಕೆ ತರುವಾಗ, ನನ್ನ ಕಡೆ ತಿರುಗಿ, "ನಿಮ್ಮತ್ತೆ ಕನ್ನಡೀಲಿ ನೋಡ್ತಿದ್ರೆ ನನ್ನ ಮುಖ ಕಾಣ್ಬೇಕು" ಎಂದು ಹೇಳಿ ಕಾರಿನ ಕಡೆ ನಾಲಿಗೆ ಹೊರಚಾಚಿ ವಿಕಾರವಾಗಿ ಅಣಕಿಸಿದರು. ಕಾರು ಬರುತ್ತಲೇ ಇತ್ತು, ಏನೂ ಆಗಲಿಲ್ಲ. ಮತ್ತೊಂದು ಸುತ್ತಿನಲ್ಲೂ ಅಣಕಿಸಿದರು. ಅದರ ಮುಂದಿನ ಸುತ್ತಿನಲ್ಲಿ ಕಾರು ನಿಂತಿತು. ಕಿಟಕಿಯಿಂದ ಅತ್ತೆಯ ದನಿ ಬಂತು: "ವಯಸ್ಸಿಗೆ ತಕ್ಕ ಹಾಗಿರೋಕೆ ಏನು ರೋಗ ನಿಮಗೆ?"

ಮಾವ ನನ್ನ ತೊಡೆಗೆ ಹೊಡೆದು, "ಕಂಡಿತು! ಅವಳಿಗೆ ಕಂಡಿತು!" ಎಂದು ಕುಣಿಯಲು ಹೋಗಿ ಏದುಸಿರು ಬಿಟ್ಟರು. ಸಿಲಿಂಡರಿನ ತಿರುಪು ಸ್ವಲ್ಪ ತಿರುಗಿಸಿ ಕೊಟ್ಟೆ. ಉಸಿರು ಸರಿಯಾಗುವ ತನಕ ಬೆನ್ನು ನೀವಿದೆ. ಮೊನ್ನೆ ಮೊನ್ನೆಗಿಂತ ಈಗ ಉಸಿರು ಹಿಂದಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುತ್ತಿದೆ. ಅವರೂ ಅದನ್ನು ಗಮನಿಸಿದ್ದಾರೆ, ನಾನೂ ಗಮನಿಸಿದ್ದೇನೆ. ಇಬ್ಬರೂ ಕೆರೆಯ ಮೀನಿನ ಬಗ್ಗೆ ಮಾತಾಡಿದೆವು.

ಅಕ್ಟೋಬರ್ ೧೭, ಮಂಗಳವಾರ

ನಾಳೆ ಪರೀಕ್ಷೆ. ಬೆಳಿಗ್ಗೆ ಗಾಳಿಯಲ್ಲಿ ಚಳಿಯ ಮೊನಚು ಇತ್ತು. ಅತ್ತೆ ಊಟ ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಕಾಲಲ್ಲೇ ಕ್ಲಚ್ಚು, ಬ್ರೇಕು ಅಭ್ಯಾಸ ಮಾಡುತ್ತಿದ್ದಾರೆ. ಮಾವ ಗಾಳದ ಕೋಲನ್ನು ಬಟ್ಟೆಯಿಂದ ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. "ಫೇಲಾದ್ರೂ ಪರವಾಗಿಲ್ಲ ಕಣೇ" ಅಂದರು. "ಪರವಾಗಿದೆ" ಅಂದರು ಅತ್ತೆ.

ಅಕ್ಟೋಬರ್ ೧೮, ಬುಧವಾರ

ಪರೀಕ್ಷೆಯ ಮೈದಾನದಲ್ಲಿ ವಿಪರೀತ ಧೂಳು, ಆದ್ದರಿಂದ ಮಾವನನ್ನು ಕರೆದೊಯ್ಯಲಿಲ್ಲ. ಅಲ್ಲಿಯ ಗೋಡೆಯ ಪಕ್ಕ ನಾನೊಬ್ಬನೇ.

ಇನ್‌ಸ್ಪೆಕ್ಟರರದ್ದೂ ನನ್ನದೂ ಹಳೆಯ ಹೊಗೆಯ ಸ್ನೇಹ. ಪ್ರತಿ ಪರೀಕ್ಷೆಯ ದಿನ ಒಬ್ಬರ ಸರದಿ ಮುಗಿದು ಇನ್ನೊಬ್ಬರ ಸರದಿ ಬರುವ ನಡುವೆ ಇಬ್ಬರೂ ಒಂದೇ ಕಡ್ಡಿಯಲ್ಲಿ ಹಚ್ಚಿಕೊಳ್ಳುತ್ತಿದ್ದೆವು. ಇವತ್ತೂ ಅತ್ತೆ ಕಾರು ಹತ್ತುವಾಗ ಅವರು ನನ್ನ ಪಕ್ಕ ಬಂದು ನಿಂತು, ರಟ್ಟಿನ ಮೇಲಿನ ಹಾಳೆ ತಿರುಗಿಸುತ್ತ, ಅಭ್ಯಾಸದಂತೆ ಒಂದು ಸಿಗರೇಟನ್ನು ನನ್ನ ಬೆರಳ ಸಂದಿಗೆ ತುರುಕಿದರು. "ಇದೊಂದು ಮುಗೀಲಿ, ಆಮೇಲೆ ಹಚ್ಚೋಣ" ಅಂದರು.

ನನ್ನ ಕಣ್ಣೆಲ್ಲ ಕಾರಿನ ಮೇಲೆ. ಅತ್ತೆ ಮುಂದಕ್ಕೆ ಹೋದರು, ನಿಲ್ಲಿಸಿದರು, ಇಂಡಿಕೇಟರ್ ಹಾಕಿದರು, ಹಿಂದಕ್ಕೆ ಹೊರಟರು. ತಲೆ ಕಿಟಕಿಯಿಂದ ಹೊರಗೆ ಬರಲಿಲ್ಲ. ಒಳ್ಳೆಯದು. ಗುರುತಿಗೆ ನೆಟ್ಟ ಮೊದಲ ಕೋಲು ದಾಟಿತು. ಎರಡನೆಯದು ದಾಟಿತು. ನಾನು ಉಸಿರು ಹಿಡಿದಿದ್ದೆ. ತಿರುವಿನ ನಟ್ಟ ನಡುವೆ ಕಾರು ಗಕ್ಕನೆ ನಿಂತಿತು.

ಆಫ್ ಆಗಿರಲಿಲ್ಲ. ನಿಲ್ಲಿಸಿದ್ದು. ಹ್ಯಾಂಡ್ ಬ್ರೇಕ್ ಎಳೆದ ಸದ್ದು ಗೋಡೆಯ ತನಕ ಕೇಳಿಸಿತು. ಆಮೇಲೆ ಕಿಟಕಿಯ ಗಾಜು ಇಳಿಯಿತು.

"ಅಳಿಯಂದಿರೇ! ಕೈಯಲ್ಲಿ ಏನದು?"

ಮೈದಾನಕ್ಕೆ ಮೈದಾನವೇ ನನ್ನ ಕೈ ನೋಡಿತು. ನಾನೂ ನೋಡಿದೆ. ಬೆರಳ ಸಂದಿಯಲ್ಲಿ ಸಿಗರೇಟು. ಅದು ಅಲ್ಲಿದೆ ಎನ್ನುವುದೇ ನನಗೆ ಮರೆತುಹೋಗಿತ್ತು.

"ಅಮ್ಮಾ, ಪರೀಕ್ಷೆ ನಡೀತಾ ಇದೆ" ಅಂದರು ಇನ್‌ಸ್ಪೆಕ್ಟರ್.

"ನಡೀಲಿ ಸ್ವಾಮಿ. ಅವರು ಅದನ್ನ ಬಿಸಾಕೋ ತನಕ ಈ ಗಾಡಿ ಹಿಂದಕ್ಕೆ ಬರಲ್ಲ."

"ಫೇಲ್ ಆಗ್ತೀರಮ್ಮ."

"ಆಗ್ತೀನಿ."

ಆ ಪರೀಕ್ಷೆಗಾಗಿ ಅವರು ಎಷ್ಟು ಸಂಜೆ ಮೈ ಬೆವರಿಸಿದ್ದಾರೆ, ಅದರ ಮೇಲೆ ಏನೇನು ನಿಂತಿದೆ ಎಂದು ನನಗೆ ಗೊತ್ತು. ಅದನ್ನೆಲ್ಲ ನನ್ನೊಂದು ಸಿಗರೇಟಿನ ಎದುರಿಗೆ ಇಟ್ಟುಬಿಟ್ಟರು. ಸಿಗರೇಟನ್ನು ಇನ್‌ಸ್ಪೆಕ್ಟರರ ಜೇಬಿಗೆ ವಾಪಸು ಹಾಕಿ, ಎರಡೂ ಕೈ ಮೇಲೆತ್ತಿ ತೋರಿಸಿದೆ, ಪೊಲೀಸರಿಗೆ ಸಿಕ್ಕವನ ಹಾಗೆ. ಗಾಜು ಮೇಲೇರಿತು. ಹ್ಯಾಂಡ್ ಬ್ರೇಕ್ ಇಳಿಯಿತು. ಕಾರು ಮೂರನೆಯ ಕೋಲಿನ ಪಕ್ಕದಿಂದ ಮೆತ್ತಗೆ ಜಾರಿ, ಬಿಳಿ ಗೆರೆಯ ನಡುವೆ ಬಂದು ನಿಂತಿತು. ಯಾವ ಕೋಲೂ ಅಲುಗಲಿಲ್ಲ.

ಇನ್‌ಸ್ಪೆಕ್ಟರ್ ತುಂಬ ಹೊತ್ತು ಹಾಳೆ ನೋಡುತ್ತ ನಿಂತರು. ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದರು.

"ಮೇಷ್ಟ್ರೇ, ಎರಡು ಸಲ ನಾನು ಇವರನ್ನ ಫೇಲ್ ಮಾಡಿದ್ದು ಯಾಕೆ?"

"ಕನ್ನಡಿ ನೋಡಲ್ಲ ಅಂತ."

"ಇವತ್ತು ಇಷ್ಟು ದೂರದಿಂದ, ಕನ್ನಡೀಲಿ, ನಿಮ್ಮ ಬೆರಳ ಸಂದೀಲಿದ್ದ ಸಿಗರೇಟು ಹಿಡಿದುಬಿಟ್ರಲ್ರೀ! ನಿಲ್ಲಿಸಬಾರದು ಅಂತ ರೂಲ್ಸಲ್ಲಿ ಎಲ್ಲೂ ಇಲ್ಲ. ಕೋಲಿಗೆ ತಾಗಬಾರದು, ಅಷ್ಟೇ." ಟಿಕ್ಕು ಹಾಕಿದರು. ಆಮೇಲೆ ಜೇಬಿನ ಸಿಗರೇಟನ್ನು ಮುಟ್ಟಿ ನೋಡಿಕೊಂಡು, ಅತ್ತೆಯ ಕಡೆ ಒಂದು ಕಣ್ಣಿಟ್ಟು, ಹಚ್ಚದೆ ಹೊರಟುಹೋದರು.

ಮನೆಗೆ ಫೋನು ಮಾಡಿದೆ. ಮಾವ ಹಲೋ ಅನ್ನಲಿಲ್ಲ. "ಹೇಳು" ಅಂದರು. ಫೋನನ್ನು ಅತ್ತೆಗೆ ಕೊಟ್ಟೆ. "ಮೀನಿಗೆ ಏನೇನು ಬೇಕೋ ತೆಗೆದಿಟ್ಕೊಳ್ಳಿ" ಅಂದರು ಅತ್ತೆ.

ಅಕ್ಟೋಬರ್ ೨೨, ಭಾನುವಾರ

ಬಿಸಿಲು ಬಿದ್ದಿತ್ತು. ಅವರಿಬ್ಬರೇ ಹೋದರು. ಮುಂದಿನ ಸೀಟಿನಲ್ಲಿ ಮಾವ, ಕಾಲ ಬಳಿ ಸಿಲಿಂಡರು, ಕಿಟಕಿಯಿಂದ ಹೊರಗೆ ಇಣುಕುವ ಗಾಳದ ಕೋಲು. ಕೊಕ್ಕೆಗೆ ಗಂಟು ನಾನು ಹಾಕಿಕೊಟ್ಟದ್ದು. ನಾನೂ ಬರುತ್ತೇನೆ ಅಂದದ್ದಕ್ಕೆ ಅತ್ತೆ, "ನೀವು ಹಿಂದೆ ಕೂತ್ರೆ ನನ್ನ ಸೀಟನ್ನೇ ಒದೀತೀರಿ, ಬ್ರೇಕ್ ಅಂದ್ಕೊಂಡು" ಅಂದರು. ಮಾವ ಗಂಭೀರವಾಗಿ ಬೆಲ್ಟು ಹಾಕಿಕೊಂಡರು.

ನಾನೂ ಹೆಂಡತಿಯೂ ಬಾಲ್ಕನಿಯಿಂದ ನೋಡಿದೆವು. ಇಸ್ತ್ರಿ ಮೇಜನ್ನು ಅಲ್ಲಿಂದ ಯಾರು ಸರಿಸಿದರೋ, ನಾನೇ ಇರಬೇಕು. ಅತ್ತೆ ಕಾರನ್ನು ಹಿಂದಕ್ಕೆ ತೆಗೆದು, ಗೇಟು ದಾಟಿಸಿ, ತಿರುವಿನಲ್ಲಿ ಇಂಡಿಕೇಟರ್ ಹಾಕಿ ಹೋದರು. ನನ್ನ ಬಲಗಾಲು ಬಾಲ್ಕನಿಯ ಸರಳನ್ನು ಒತ್ತುತ್ತಿತ್ತು, ಹೆಂಡತಿ ತೋರಿಸಿದ ಮೇಲೆ ಗೊತ್ತಾಯಿತು. ಆಮೇಲೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆವು. ಕೆಳಗಿನ ಬೀದಿಯಲ್ಲಿ ಇಷ್ಟೊಂದು ಮರ ಇದೆಯೆಂದು ಇವತ್ತೇ ನೋಡಿದ್ದು. ಹೆಂಡತಿ ಮಾಡಿದ ಕಾಫಿ ಚೆನ್ನಾಗಿತ್ತು. ಹಾಗೆ ಹೇಳಿದೆ. "ಯಾವಾಗ್ಲೂ ಹಿಂಗೇ ಮಾಡೋದು" ಅಂದಳು. ಪೆನ್ನು ಎಲ್ಲೋ ಕಳೆದುಹೋಗಿತ್ತು, ಇದನ್ನು ಅವಳ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಸಂಜೆಗೆ ಮುಂಚೆ ವಾಪಸು ಬಂದರು. ಬೆರಳುದ್ದದ ಎರಡು ಮೀನು ಸಿಕ್ಕಿತ್ತಂತೆ, ವಾಪಸು ನೀರಿಗೆ ಬಿಟ್ಟರಂತೆ. ಮಾವನ ಮುಖ ಬಿಸಿಲಿಗೆ ಕೆಂಪಾಗಿತ್ತು, ತುಂಬ ದಣಿದಿದ್ದರು. ಯಂತ್ರದ ಪಕ್ಕ ಕೂರಿಸಿ ಕೊಳವೆ ಸಿಕ್ಕಿಸಿದೆ.

"ಸ್ವಲ್ಪ ಹತ್ರ ಬಾ ಅಳಿಯ" ಅಂದರು.

ಹೋದೆ. ನನ್ನ ಭುಜಕ್ಕೆ ಮೂಗು ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೆಂಡತಿಯ ಕೈ ಯಂತ್ರದ ಗುಂಡಿಯ ಮೇಲಿತ್ತು.

"ಸೋಪು" ಅಂದರು ಮಾವ. "ಕಾಫಿ." ಇನ್ನೊಂದು ಸಲ ಎಳೆದುಕೊಂಡರು. "ಬೇರೇನೂ ಇಲ್ವಲ್ಲೋ" ಎಂದು ಬೇಸರದಿಂದ ತಲೆಯಾಡಿಸಿ, ನನ್ನ ಭುಜದ ಮೇಲೆಯೇ ತಲೆಯಿಟ್ಟು ನಿದ್ದೆ ಹೋದರು. ಕೆಮ್ಮಲಿಲ್ಲ.